ಗೊರಸು, ಲಾಳ ಮತ್ತು ಅತಿಭಾರಾರೋಪಣ

ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಆಚಾರ್ಯರು ಹೇಳಿದ್ದಾರೆ. ಬಂಧ, ವಧ, ಛೇದ, ಅತಿಭಾರಾರೋಪಣ ಮತ್ತು ಅನ್ನಪಾನನಿರೋಧ ಎಂಬುವೇ ಅವು. ಪ್ರಾಣಿಯನ್ನು ಬಿಗಿದು ಕಟ್ಟಿಹಾಕುವುದು, ಕೋಲು ಬಾರುಕೋಲುಗಳಿಂದ ಹೊಡೆಯುವುದು, ಅಂಗಗಳನ್ನು ಕತ್ತರಿಸುವುದು, ಮೇವು ನೀರು ತಪ್ಪಿಸುವುದು, ಈ ನಾಲ್ಕೂ ನೋಡಿದವರಿಗೆ ಒಡನೆಯೇ ತಿಳಿಯುವ ದೋಷಗಳು. ಅತಿಭಾರ ಹೇರುವ ದೋಷ ಮಾತ್ರ ಅಷ್ಟು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಗಾಡಿ ಚಲಿಸುತ್ತಿರುವವರೆಗೆ ಭಾರ ಅತಿಯಾಗಿಲ್ಲವೆಂದೇ ಯಜಮಾನನ ಭಾವನೆ. ಪ್ರಾಣಿಯ ಕಾಲು ಕುಂಟತೊಡಗಿದಾಗಲೇ ಸತ್ಯ ಹೊರಬೀಳುತ್ತದೆ. ಆ ಸತ್ಯವನ್ನು ಮೊದಲು ಕಾಣುವವನು ಪಂಡಿತನೂ ಅಲ್ಲ, ಯಜಮಾನನೂ ಅಲ್ಲ. ರಸ್ತೆಯ ಬದಿಯಲ್ಲಿ ಕುಳಿತು ಗೊರಸನ್ನು ಕೈಗೆತ್ತಿಕೊಳ್ಳುವ ಲಾಳ ಕಟ್ಟುವವನು.

ಮಂಡ್ಯ, ಮದ್ದೂರು, ಮಳವಳ್ಳಿಗಳ ಸೀಮೆಯು ಅನೇಕ ಶತಮಾನಗಳಿಂದ ಕುದುರೆ ಮತ್ತು ಎತ್ತುಗಳ ಕಾಲ್ಬಲದ ಮೇಲೆ ನಡೆದುಬಂದ ನಾಡು. ಯುದ್ಧದ ಸೇನೆಗಳು, ಜಟಕಾ ಗಾಡಿಗಳು, ಕಬ್ಬಿನ ಗಾಡಿಗಳು ಇಲ್ಲಿ ಒಂದಾದ ಮೇಲೊಂದು ಸಾಗಿಹೋಗಿವೆ. ಈ ಚರಿತ್ರೆಯನ್ನು ಗೊರಸಿನ ಕಡೆಯಿಂದ ನೋಡಿದರೆ ಶ್ರಾವಕನಿಗೆ ಒಂದು ಪ್ರಶ್ನೆ ಎದುರಾಗುತ್ತದೆ: ಕುಂಟುವ ಪ್ರಾಣಿಗೆ ಹಾಕಿಸುವ ಲಾಳವು ಅದರ ನೋವಿಗೆ ಚಿಕಿತ್ಸೆಯೋ, ಅಥವಾ ಆ ನೋವನ್ನು ಮರೆಮಾಡಿ ಮತ್ತೆ ನೊಗಕ್ಕೆ ಕಟ್ಟುವ ಉಪಾಯವೋ?

ಪ್ರಾಣಿಯ ಋಣ ನೆನೆದ ನಾಡು

ಪ್ರಾಚೀನ ಜೈನ ಅವಶೇಷಗಳಿಂದ ಪ್ರಸಿದ್ಧವಾದ ಆರತಿಪುರವಿರುವ ಮದ್ದೂರು ತಾಲ್ಲೂಕಿನಲ್ಲಿಯೇ ಆತಕೂರು ಎಂಬ ಗ್ರಾಮವೂ ಇದೆ. ಅಲ್ಲಿ ದೊರೆತ ಶಾಸನವು ಸುಮಾರು ಕ್ರಿ.ಶ. ೯೫೦ರದು. ರಾಷ್ಟ್ರಕೂಟ ಮೂರನೆಯ ಕೃಷ್ಣ ಮತ್ತು ಗಂಗರ ಇಮ್ಮಡಿ ಬೂತುಗರು ತಕ್ಕೋಲದಲ್ಲಿ ಚೋಳರ ಮೇಲೆ ಪಡೆದ ವಿಜಯವನ್ನು ಅದು ಹೇಳುತ್ತದೆ. ಆ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೆರನೆಂಬ ವೀರನು ಒಡೆಯನ ಮೆಚ್ಚುಗೆಯ ಕಾಣಿಕೆಯಾಗಿ ಕಾಳಿ ಎಂಬ ಬೇಟೆನಾಯಿಯನ್ನು ಬೇಡಿ ಪಡೆದನು. ಆ ನಾಯಿ ಕಾಡುಹಂದಿಯೊಡನೆ ಹೋರಾಡಿ ಮಡಿದಾಗ ಅದರ ನೆನಪಿಗೆ ಕಲ್ಲು ನಿಲ್ಲಿಸಿ, ಭೂಮಿಯನ್ನೂ ದತ್ತಿಯಾಗಿ ಬಿಡಲಾಯಿತು. ಬೇಟೆ ಜೈನಧರ್ಮಕ್ಕೆ ಸಮ್ಮತವಾದುದಲ್ಲ. ಆದರೂ ಒಡೆಯನಿಗಾಗಿ ಪ್ರಾಣ ತೆತ್ತ ಪ್ರಾಣಿಗೆ ಮನುಷ್ಯ ಋಣಿಯೆಂಬ ಭಾವವು ಈ ನೆಲದಲ್ಲಿ ಸಾವಿರ ವರ್ಷಗಳ ಹಿಂದೆಯೇ ಕಲ್ಲಿನಲ್ಲಿ ಮೂಡಿತ್ತೆಂಬುದು ಗಮನಾರ್ಹ.

ಸತ್ತ ಪ್ರಾಣಿಗೆ ಗೌರವ ಸಲ್ಲಿಸುವುದು ಒಂದು ಬಗೆಯಾದರೆ, ಬದುಕಿರುವ ಪ್ರಾಣಿಗೆ ಔಷಧ ಹುಡುಕುವುದು ಇನ್ನೊಂದು ಬಗೆ. ಇದರಲ್ಲಿ ಕನ್ನಡದ ಜೈನ ವಿದ್ವಾಂಸರ ಪಾಲು ಹಿರಿದು. ೧೨ನೆಯ ಶತಮಾನದ ಆರಂಭದಲ್ಲಿ ಚಾಲುಕ್ಯ ರಾಜವಂಶದ ಕೀರ್ತಿವರ್ಮನು 'ಗೋವೈದ್ಯ'ವನ್ನು ರಚಿಸಿದನು. ಸುಮಾರು ೧೪೦೦ರ ಹೊತ್ತಿಗೆ ಅಭಿನವಚಂದ್ರನು 'ಅಶ್ವವೈದ್ಯ'ವನ್ನು ಬರೆದನು. ಬಸದಿ ಕಟ್ಟಿಸುವುದು, ಶಾಸ್ತ್ರದಾನ ಮಾಡುವುದು ಹೇಗೆ ಪುಣ್ಯಕಾರ್ಯವೋ ಹಾಗೆಯೇ ಮೂಕಪ್ರಾಣಿಯ ರೋಗಲಕ್ಷಣಗಳನ್ನು ಅರಿತು ದೇಶಭಾಷೆಯಲ್ಲಿ ಬರೆದಿಡುವುದೂ ಔಷಧದಾನಕ್ಕೆ ಸಮಾನವಾದ ಕಾರ್ಯವೇ ಸರಿ.

ಸೇನೆಗಳ ದಾರಿ

ಇಂದಿನ ಮಂಡ್ಯ ಜಿಲ್ಲೆಗೆ ಸೇರಿರುವ ಶ್ರೀರಂಗಪಟ್ಟಣವು ರಾಜಧಾನಿಯಾಗಿದ್ದ ಕಾಲದಲ್ಲಿ ಈ ಸೀಮೆಯ ದಾರಿಗಳೆಲ್ಲ ಸೇನೆಗಳ ದಾರಿಗಳಾಗಿದ್ದವು. ಹೈದರ್ ಅಲಿ ಮತ್ತು ಟಿಪ್ಪು ಸುಲ್ತಾನರ ಬಲವು ಅವರ ಅಶ್ವದಳದಲ್ಲಿಯೂ, ಫಿರಂಗಿಗಳನ್ನೆಳೆಯುವ ಎತ್ತುಗಳಲ್ಲಿಯೂ ಇತ್ತು. ಹಿಂದೆ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆಚಾವಡಿಯೆಂದು ಹೆಸರಾಗಿದ್ದ ಅರಮನೆಯ ದನಗಳ ಇಲಾಖೆಯು ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಆಯಿತು.

೧೭೯೧ರ ಮೇ ತಿಂಗಳಲ್ಲಿ ಕಾರ್ನ್‌ವಾಲಿಸ್‌ನ ಸೇನೆ ಅರಕೆರೆಯ ಬಳಿ ಟಿಪ್ಪುವಿನ ಸೇನೆಯನ್ನು ಎದುರಿಸಿ ಗೆದ್ದಿತು. ಆದರೂ ಶ್ರೀರಂಗಪಟ್ಟಣವನ್ನು ಮುತ್ತಲಾಗದೆ ಅದು ಹಿಂದಿರುಗಬೇಕಾಯಿತು. ಮೇವಿಲ್ಲದೆ, ಮಳೆಯಲ್ಲಿ, ರೋಗದಲ್ಲಿ ಎಳೆಯುವ ಎತ್ತುಗಳು ಅಪಾರ ಸಂಖ್ಯೆಯಲ್ಲಿ ಸತ್ತುದರಿಂದ ಕೋಟೆ ಒಡೆಯುವ ಭಾರೀ ಫಿರಂಗಿಗಳನ್ನು ಎಳೆದೊಯ್ಯಲಾರದೆ ಸೇನೆಯೇ ಅವನ್ನು ನಾಶಮಾಡಿತು. ೧೭೯೯ರಲ್ಲಿ ಹ್ಯಾರಿಸ್‌ನ ಸೇನೆ ಬಂದಾಗಲೂ ಎತ್ತುಗಳ ಸಾವಿನಿಂದ ದಾರಿಯುದ್ದಕ್ಕೂ ಪಯಣ ನಿಧಾನವಾಯಿತು. ಮಾರ್ಚ್ ೨೭ರಂದು ಮಳವಳ್ಳಿಯಲ್ಲಿ ಕದನ ನಡೆಯಿತು. ಅನಂತರ ಆ ಸೇನೆ ಸೋಸಲೆಯ ಬಳಿ ಕಾವೇರಿಯನ್ನು ದಾಟಿತು. ಮೇ ೪ರಂದು ಶ್ರೀರಂಗಪಟ್ಟಣ ಪತನವಾಯಿತು. ಚರಿತ್ರೆಯ ಪುಸ್ತಕಗಳು ಈ ದಿನಾಂಕಗಳನ್ನು ರಾಜರ ಮತ್ತು ಸೇನಾಪತಿಗಳ ಹೆಸರಿನಲ್ಲಿ ಬರೆಯುತ್ತವೆ. ಆ ಗೆಲುವು ಸೋಲುಗಳೆರಡನ್ನೂ ಹೊತ್ತು ನಡೆದ ಪ್ರಾಣಿಗಳಿಗೆ ಯಾರ ಪಕ್ಷವೂ ಇರಲಿಲ್ಲ.

ಅಶ್ವದಳವಿದ್ದಲ್ಲೆಲ್ಲ ಲಾಳದ ಕಸುಬೂ ಇರಲೇಬೇಕು. ಸೇನೆಯ ಭಾಷೆಯಲ್ಲಿ ಈ ಕಸುಬುದಾರನಿಗೆ 'ನಾಲ್‌ಬಂದ್' ಎಂದು ಹೆಸರು. 'ನಾಲ್' ಎಂಬುದು ಲಾಳವನ್ನು ಸೂಚಿಸುವ ಅರಬ್ಬೀ ಮೂಲದ ಮಾತು. 'ಬಂದ್' ಎಂದರೆ ಪಾರ್ಸಿಯಲ್ಲಿ ಕಟ್ಟುವವನು. ಕನ್ನಡದ ಜನ 'ಲಾಳ ಕಟ್ಟುವವನು' ಎನ್ನುವಾಗ ಅದೇ ಅರ್ಥವೇ ಬರುತ್ತದೆ. ಮುಸ್ಲಿಮರಲ್ಲಿ ನಾಲ್‌ಬಂದರೆಂಬ ಒಂದು ಕಸುಬಿನ ಸಮುದಾಯವೇ ಕರ್ನಾಟಕದಲ್ಲಿದೆ. ೧೯೧೮ರ ಸೆಪ್ಟೆಂಬರ್ ೨೩ರಂದು ಪ್ಯಾಲೆಸ್ತೀನಿನ ಹೈಫಾ ಪಟ್ಟಣವನ್ನು ಹಿಡಿಯುವಲ್ಲಿ ಜೋಧಪುರದ ದಳದೊಡನೆ ಮೈಸೂರು ಲ್ಯಾನ್ಸರ್ಸ್ ಸವಾರರೂ ಭಾಗಿಗಳಾದರು. ಅಂತಹ ದಳಗಳ ಹಿಂದೆ ಪ್ರತಿದಿನ ನೂರಾರು ಗೊರಸುಗಳನ್ನು ಪರೀಕ್ಷಿಸುವ ಅನಾಮಧೇಯ ಕೈಗಳ ದುಡಿಮೆ ಇರುತ್ತಿತ್ತು.

ಜಟಕಾ ಮತ್ತು ಕಬ್ಬಿನ ಗಾಡಿ

ಯುದ್ಧಗಳು ಮುಗಿದರೂ ಪ್ರಾಣಿಗಳ ಭಾರ ಇಳಿಯಲಿಲ್ಲ. ೧೮೮೧-೮೨ರಲ್ಲಿ ಬೆಂಗಳೂರಿನಿಂದ ಮದ್ದೂರು, ಮಂಡ್ಯಗಳ ಮೂಲಕ ಮೈಸೂರಿಗೆ ರೈಲು ಮಾರ್ಗ ಪೂರ್ಣಗೊಂಡಿತು. ಮಳವಳ್ಳಿಗೆ ರೈಲು ಬರಲಿಲ್ಲ. ನಿಲ್ದಾಣದಿಂದ ಊರೊಳಗೆ ಹೋಗಲು ಜಟಕಾ, ದೂರದ ಹಳ್ಳಿಗಳಿಗೆ ಸಾಮಾನು ಸಾಗಿಸಲು ಎತ್ತಿನ ಗಾಡಿ, ಹೀಗೆ ರೈಲೇ ಹೊಸ ದುಡಿಮೆಯನ್ನು ಹುಟ್ಟಿಸಿತು. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ವಿದ್ಯುದಾಗಾರವು ಸಿದ್ಧವಾಗಿ ೧೯೦೨ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿಯಿತು. ಅದರ ಭಾರೀ ಯಂತ್ರಗಳು ರೈಲು ನಿಲ್ದಾಣದಿಂದ ಕಾವೇರಿಯ ದಡದವರೆಗೆ ಸಾಗಿದ್ದು ಎತ್ತು ಮತ್ತು ಆನೆಗಳ ಬಲದಿಂದ.

ಕೃಷ್ಣರಾಜಸಾಗರದ ನೀರು ವಿಶ್ವೇಶ್ವರಯ್ಯ ನಾಲೆಯಲ್ಲಿ ಹರಿದ ಮೇಲೆ ಈ ಸೀಮೆ ಕಬ್ಬಿನ ನಾಡಾಯಿತು. ೧೯೩೩ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. ೧೯೩೯ರಲ್ಲಿ ಮಂಡ್ಯವು ಪ್ರತ್ಯೇಕ ಜಿಲ್ಲೆಯಾಯಿತು. ಕಬ್ಬು ಅರೆಯುವ ಕಾಲದಲ್ಲಿ ಕಾರ್ಖಾನೆಯ ಕಡೆಗೆ ಸಾಲುಗಟ್ಟಿ ಸಾಗುವ ಎತ್ತಿನ ಗಾಡಿಗಳು ಈ ಜಿಲ್ಲೆಯ ಚಿತ್ರವೇ ಆಗಿಹೋದವು. ಮರದ ಚಕ್ರದ ಬದಲು ಟೈರಿನ ಗಾಡಿ ಬಂದಾಗ ಎಳೆಯುವುದು ಹಗುರವಾಯಿತು. ಹಗುರವಾದಷ್ಟೂ ಹೇರು ಬೆಳೆಯಿತು. ಮಣ್ಣಿನ ದಾರಿ ಡಾಂಬರು ರಸ್ತೆಯಾದಾಗ ಗೊರಸು ಬೇಗ ಸವೆಯತೊಡಗಿತು. ಲಾಳವಿಲ್ಲದೆ ಹಳ್ಳೀಕಾರ್ ಎತ್ತೂ ಡಾಂಬರಿನ ಮೇಲೆ ಬಹುಕಾಲ ನಡೆಯಲಾರದು.

ಗೊರಸಿನ ರಚನೆ ಮತ್ತು ಕಸುಬಿನ ದಿನಚರಿ

ಕುದುರೆ ನಿಲ್ಲುವುದು ಪ್ರತಿ ಕಾಲಿನ ಒಂದೇ ಬೆರಳಿನ ಮೇಲೆ. ಎತ್ತು ನಿಲ್ಲುವುದು ಎರಡು ಬೆರಳುಗಳ ಮೇಲೆ. ಆದುದರಿಂದ ಕುದುರೆಗೆ ಪ್ರತಿ ಕಾಲಿಗೂ ಅರ್ಧಚಂದ್ರಾಕಾರದ ಒಂದು ಲಾಳ, ಎತ್ತಿಗೆ ಸೀಳು ಗೊರಸಿನ ಎರಡು ಭಾಗಗಳಿಗೂ ಬೇರೆ ಬೇರೆ ತಗಡು. ಗೊರಸಿನ ಹೊರಗೋಡೆ ನಮ್ಮ ಉಗುರಿನಂತಹ ವಸ್ತು. ಅದಕ್ಕೆ ನೋವಿಲ್ಲ, ರಕ್ತವಿಲ್ಲ. ಕುದುರೆಯ ಗೊರಸು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರಿನಷ್ಟು ಬೆಳೆಯುತ್ತದೆ. ಮುಂತುದಿಯ ಗೋಡೆ ಪೂರ್ತಿಯಾಗಿ ಹೊಸದಾಗಲು ಹತ್ತಿರ ಹತ್ತಿರ ಒಂದು ವರ್ಷ ಬೇಕು. ಗೋಡೆಯ ಒಳಬದಿಯಲ್ಲಿ ರಕ್ತನಾಳ, ನರಗಳಿಂದ ತುಂಬಿದ ಸೂಕ್ಷ್ಮ ಪದರವಿದೆ. ಅದೇ ಗೊರಸಿನೊಳಗಿನ ಮೂಳೆಯನ್ನು ಗೋಡೆಗೆ ಹಿಡಿದಿಡುತ್ತದೆ. ಅಂಗಾಲಿನ ಅಂಚಿನಲ್ಲಿ ಕಾಣುವ ಬಿಳಿಯ ಗೆರೆಯು ನೋವಿಲ್ಲದ ಭಾಗಕ್ಕೂ ನೋವಿರುವ ಭಾಗಕ್ಕೂ ನಡುವಿನ ಮೇರೆ. ಮೊಳೆ ಆ ಗೆರೆಯ ಹೊರಗೇ ಇಳಿಯಬೇಕು. ಒಂದು ಬತ್ತದ ಕಾಳಿನಷ್ಟು ಒಳಗೆ ಸರಿದರೂ ಜೀವಕ್ಕೆ ಚುಚ್ಚುತ್ತದೆ.

ನುರಿತ ಲಾಳ ಕಟ್ಟುವವನು ಸುತ್ತಿಗೆಯನ್ನು ಎತ್ತಿಕೊಳ್ಳುವ ಮೊದಲು ಪ್ರಾಣಿಯನ್ನು ನಡೆಸಿ ನೋಡುತ್ತಾನೆ. ಮುಂಗಾಲಿನಲ್ಲಿ ನೋವಿದ್ದರೆ ಆ ಕಾಲನ್ನು ಊರುವಾಗ ಕುದುರೆ ತಲೆಯನ್ನು ಮೇಲಕ್ಕೆತ್ತುತ್ತದೆ, ನೋವಿಲ್ಲದ ಕಾಲನ್ನು ಊರುವಾಗ ತಗ್ಗಿಸುತ್ತದೆ. ಅನಂತರ ಹಳೆಯ ಲಾಳವನ್ನು ಕಿತ್ತು ಅದರ ಸವೆತವನ್ನು ನೋಡುತ್ತಾನೆ. ಒಂದು ಬದಿ ಹೆಚ್ಚು ಸವೆದಿದ್ದರೆ ಭಾರ ಓರೆಯಾಗಿ ಬೀಳುತ್ತಿದೆಯೆಂದು ಅರ್ಥ. ಗೊರಸಿನ ಮೇಲೆ ಅಂಗೈಯಿಟ್ಟು ಬಿಸಿಯಿದೆಯೇ ಎಂದು ಪರೀಕ್ಷಿಸುತ್ತಾನೆ; ಇಕ್ಕಳದಿಂದ ಅಂಗಾಲನ್ನು ಅಲ್ಲಲ್ಲಿ ಅದುಮಿ, ಕಾಲನ್ನು ಸೆಳೆದುಕೊಳ್ಳುವ ಜಾಗವನ್ನು ಗುರುತಿಸುತ್ತಾನೆ. ಬಾಗಿದ ಚಾಕುವಿನಿಂದ ಸತ್ತ ಭಾಗವನ್ನು ಕೆತ್ತಿ, ಅರದಿಂದ ಉಜ್ಜಿ ಸಮಮಾಡುತ್ತಾನೆ. ಲಾಳವನ್ನು ಗೊರಸಿನ ಆಕಾರಕ್ಕೆ ಬಾಗಿಸಬೇಕೇ ಹೊರತು ಲಾಳದ ಅಳತೆಗೆ ಗೊರಸನ್ನು ಕೆತ್ತಬಾರದೆಂಬುದು ಈ ಕಸುಬಿನ ಮೊದಲ ನಿಯಮ. ಸಾಮಾನ್ಯವಾಗಿ ಆರರಿಂದ ಎಂಟು ಮೊಳೆಗಳು. ಗೋಡೆಯನ್ನು ತೂರಿ ಹೊರಬಂದ ಮೊನೆಗಳನ್ನು ಮುರಿದು, ಮಡಿಸಿ, ಅರದಿಂದ ನಯಗೊಳಿಸಿದರೆ ಕೆಲಸ ಮುಗಿಯಿತು. ಆರೇಳು ವಾರಗಳಲ್ಲಿ ಮತ್ತೆ ಎಲ್ಲವನ್ನೂ ಬಿಚ್ಚಿ ಹೊಸದಾಗಿ ಕಟ್ಟಬೇಕು. ಆ ಹಣ ಉಳಿಸಲು ಲಾಳವನ್ನು ತಿಂಗಳುಗಟ್ಟಲೆ ಹಾಗೆಯೇ ಬಿಟ್ಟರೆ ಗೊರಸು ಮುಂದಕ್ಕೆ ಬೆಳೆದು, ಹಿಮ್ಮಡಿ ಕುಸಿದು, ಕಾಲಿನ ಸ್ನಾಯುಬಂಧಗಳೆಲ್ಲ ಎಳೆತಕ್ಕೆ ಸಿಲುಕುತ್ತವೆ.

ಕುಂಟಿಗೆ ಲಾಳದ ಮದ್ದು

ಕುದುರೆಯ ದೇಹಭಾರದ ಹೆಚ್ಚಿನ ಪಾಲು, ನೂರರಲ್ಲಿ ಸುಮಾರು ೬೦, ಮುಂಗಾಲುಗಳ ಮೇಲೆ ಬೀಳುತ್ತದೆ. ಕುಂಟು ಹೆಚ್ಚಾಗಿ ಮುಂಗಾಲಿನಲ್ಲಿಯೇ, ಅದರಲ್ಲಿಯೂ ಗೊರಸಿನಲ್ಲಿಯೇ ಕಾಣುವುದಕ್ಕೆ ಇದೊಂದು ಕಾರಣ. ಕಲ್ಲು ಅಥವಾ ಮೊಳೆ ಚುಚ್ಚಿ ಒಳಗೆ ಕೀವಾದರೆ ಕುದುರೆ ಕಾಲೂರಲಾರದು. ಅದಕ್ಕೆ ಲಾಳ ಮದ್ದಲ್ಲ; ಲಾಳ ತೆಗೆದು, ಕೀವಿಗೆ ದಾರಿ ಮಾಡಿ, ಉಪ್ಪಿನ ಬಿಸಿನೀರಿನಲ್ಲಿ ಕಾಲಿಟ್ಟು, ವಾಸಿಯಾಗುವವರೆಗೆ ವಿಶ್ರಾಂತಿ ಕೊಡಬೇಕು. ಗೋಡೆ ಸೀಳಿದ್ದರೆ ಆ ಜಾಗದಲ್ಲಿ ಭಾರ ಬೀಳದಂತೆ ಕೆತ್ತಿ, ಹಿಂಬದಿಯನ್ನು ಪಟ್ಟಿಯಿಂದ ಕೂಡಿಸಿದ ಲಾಳವನ್ನು ಹಾಕಿ ಭಾರವನ್ನು ಹಂಚುತ್ತಾರೆ. ಹಿಮ್ಮಡಿಯ ಭಾಗದಲ್ಲಿ ಹಳೆಯ ನೋವಿದ್ದರೆ ಮುಂತುದಿಯನ್ನು ಗಿಡ್ಡಮಾಡಿ ಹಿಂಬದಿಗೆ ಆಧಾರ ಕೊಡುತ್ತಾರೆ.

ಇವೆಲ್ಲಕ್ಕಿಂತ ಘೋರವಾದದ್ದು ಗೊರಸಿನೊಳಗಿನ ಸೂಕ್ಷ್ಮ ಪದರದ ಉರಿಯೂತ. ಆ ಪದರ ಸಡಿಲಿದರೆ ಒಳಗಿನ ಮೂಳೆಯೇ ಗೋಡೆಯಿಂದ ಬಿಟ್ಟು ಅಂಗಾಲಿನ ಕಡೆಗೆ ಜಾರುತ್ತದೆ. ಆಗ ಕ್ಷಕಿರಣ ಚಿತ್ರ ನೋಡಿ, ಪಶುವೈದ್ಯನೂ ಲಾಳಗಾರನೂ ಕೂಡಿ ನಡುವೆ ಆಧಾರವಿರುವ ವಿಶೇಷ ಲಾಳವನ್ನು ಹೊಂದಿಸಬೇಕಾಗುತ್ತದೆ. ಈ ರೋಗದ ಎರಡು ಕಾರಣಗಳನ್ನು ಧರ್ಮಿಷ್ಠರು ಅವಶ್ಯವಾಗಿ ಅರಿಯಬೇಕು. ಒಂದನೆಯದು, ಅತಿಯಾಗಿ ತಿನ್ನಿಸಿದ ಧಾನ್ಯ. ಪುಣ್ಯವೆಂದು ಭಾವಿಸಿ ಹಬ್ಬದ ದಿನ ಕುದುರೆಗೆ ಅಥವಾ ಗೋವಿಗೆ ರಾಶಿ ರಾಶಿಯಾಗಿ ಅಕ್ಕಿ, ಅನ್ನ, ಬೆಲ್ಲಗಳನ್ನು ತಿನ್ನಿಸಿದರೆ ಹೊಟ್ಟೆ ಹುಳಿತು ಅದರ ವಿಷ ಗೊರಸಿಗೆ ಇಳಿಯುತ್ತದೆ. ದಯೆಯಿಂದ ಕೊಟ್ಟದ್ದೇ ಹಿಂಸೆಗೆ ಕಾರಣವಾಗುವ ಸಂದರ್ಭವಿದು. ಎರಡನೆಯದು, ಒಂದು ಕಾಲು ತೀವ್ರವಾಗಿ ಕುಂಟಿದಾಗ ಅದರ ಪಾಲಿನ ಭಾರವನ್ನೂ ಹೊರುವ ಇನ್ನೊಂದು ಕಾಲು. ಬಹುದಿನ ಹಾಗೆ ನಿಂತ ಕುದುರೆಯ ಒಳ್ಳೆಯ ಕಾಲಿಗೇ ಈ ರೋಗ ತಗಲುತ್ತದೆ. ಗಾಡಿಯಿಂದ ಬಿಚ್ಚಿದ ಮೇಲೂ, ತನ್ನದೇ ದೇಹದ ಭಾರವು ಪ್ರಾಣಿಗೆ ಅತಿಭಾರವಾಗಬಲ್ಲದು.

ಚಿಕಿತ್ಸೆಯೂ ಮರೆಮಾಚುವಿಕೆಯೂ

ಇಲ್ಲಿಯೇ ಮೊದಲಿನ ಪ್ರಶ್ನೆಗೆ ಮರಳಬೇಕು. ಕಬ್ಬಿಣ ಒಂದೇ, ಮೊಳೆ ಒಂದೇ, ಕೈಯೂ ಒಂದೇ. ಆದರೂ ಒಂದು ಲಾಳವು ದಯೆಯ ಸಾಧನವಾಗುತ್ತದೆ, ಇನ್ನೊಂದು ಹಿಂಸೆಯ ಸಾಧನವಾಗುತ್ತದೆ. ಕುಂಟುವ ಕುದುರೆಗೆ ದಪ್ಪ ಲಾಳ ಹಾಕಿಸಿ, ನೋವು ತಿಳಿಯದಂತೆ ಸೂಜಿಮದ್ದು ಕೊಡಿಸಿ, ಮರುದಿನವೇ ಗಾಡಿಗೆ ಕಟ್ಟಿದರೆ ಅದು ನಡೆಯುತ್ತದೆ ನಿಜ. ಆದರೆ ನೋವು ಎಂಬುದು ಪ್ರಾಣಿಗೆ ಪ್ರಕೃತಿ ಕೊಟ್ಟ ರಕ್ಷಣೆ, ಕಾಲೂರಬೇಡವೆಂಬ ಆಜ್ಞೆ. ಕಾರಣವನ್ನು ಹಾಗೆಯೇ ಉಳಿಸಿ ಆ ಆಜ್ಞೆಯನ್ನು ಮಾತ್ರ ಅಡಗಿಸಿದರೆ ಗಾಯ ಆಳವಾಗುತ್ತದೆ. ಲಾಳದೊಡನೆ ವಿಶ್ರಾಂತಿಯೂ ಭಾರದ ಇಳಿಕೆಯೂ ಸೇರಿದರೆ ಅದು ಚಿಕಿತ್ಸೆ. ಅವೆರಡೂ ಇಲ್ಲದಿದ್ದರೆ ಅದು ಮರೆಮಾಚುವಿಕೆ.

ಈ ದೋಷವನ್ನು ಲಾಳ ಕಟ್ಟುವವನ ತಲೆಗೆ ಕಟ್ಟುವುದು ನ್ಯಾಯವಲ್ಲ. ಹದಿನೈದು ದಿನ ಕಟ್ಟಬೇಡಿ ಎಂದು ಅವನು ಹೇಳಬಲ್ಲನೇ ಹೊರತು ಆ ಹದಿನೈದು ದಿನಗಳ ಗಳಿಕೆಯನ್ನು ಯಜಮಾನನಿಗೆ ಕೊಡಲಾರನು. ಯಜಮಾನನೂ ಅನೇಕ ವೇಳೆ ಬಡವನೇ. ಅವನ ಮನೆಯ ಒಲೆ ಆ ಕುದುರೆಯ ಕಾಲಿನ ಮೇಲೆ ನಿಂತಿರುತ್ತದೆ. ಗಾಡಿಯ ಮೇಲೆ ಕುಳಿತವರು, ಸರಕು ಹೇರಿಸಿದವರು, ಮೆರವಣಿಗೆಗೆ ಕುದುರೆ ತರಿಸಿದವರು, ಇವರೆಲ್ಲರೂ ಆ ಭಾರದಲ್ಲಿ ಪಾಲುಗಾರರು. ತಾನು ಮಾಡುವುದು, ಇತರರಿಂದ ಮಾಡಿಸುವುದು, ಮಾಡಿದ್ದನ್ನು ಅನುಮೋದಿಸುವುದು ಎಂಬ ಕೃತ, ಕಾರಿತ, ಅನುಮೋದನಗಳ ವಿವೇಚನೆ ಜೈನಾಚಾರದಲ್ಲಿ ಇರುವುದು ಇಂತಹ ಸಂದರ್ಭಗಳಿಗಾಗಿಯೇ.

ಎತ್ತಿಗೆ ಲಾಳ ಕಟ್ಟುವ ಕ್ರಮವೂ ಆಲೋಚನೆಗೆ ಯೋಗ್ಯ. ರೂಢಿಯಲ್ಲಿ ಎತ್ತನ್ನು ಹಗ್ಗದಿಂದ ಕೆಡವಿ, ನಾಲ್ಕೂ ಕಾಲುಗಳನ್ನು ಸೇರಿಸಿ ಬಿಗಿದು ಮೊಳೆ ಹೊಡೆಯುತ್ತಾರೆ. ಗಟ್ಟಿ ನೆಲದ ಮೇಲೆ, ಹೊಟ್ಟೆ ತುಂಬಿದ ಎತ್ತನ್ನು ಒಮ್ಮೆಲೇ ಬೀಳಿಸಿದರೆ ಪೆಟ್ಟಾಗುತ್ತದೆ, ಉಸಿರು ಕಟ್ಟುತ್ತದೆ. ಹುಲ್ಲು ಹಾಸಿದ ಮೆತ್ತನೆಯ ನೆಲ, ಖಾಲಿ ಹೊಟ್ಟೆ, ನುರಿತ ಕೈ, ಕಡಿಮೆ ಹೊತ್ತು ಇವಿಷ್ಟಾದರೂ ಇರಬೇಕು. ಪಶು ಆಸ್ಪತ್ರೆಗಳಲ್ಲಿರುವಂತಹ ಕಂಬಗಳ ಚೌಕಟ್ಟಿನಲ್ಲಿ ನಿಲ್ಲಿಸಿಯೇ ಗೊರಸು ಕೆತ್ತಲು ಸಾಧ್ಯವಿರುವಾಗ ಕೆಡವುವ ಅವಶ್ಯಕತೆಯೇ ಇಲ್ಲ.

ಶಾಸನ ಮತ್ತು ಶ್ರಾವಕಧರ್ಮ

ಭಾರತದ ಶಾಸನವೂ ಈ ವಿಷಯದಲ್ಲಿ ಮೌನವಾಗಿಲ್ಲ. ೧೯೬೦ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಅಧಿನಿಯಮದ ೧೧ನೆಯ ಪ್ರಕರಣದಂತೆ ವಯಸ್ಸು, ರೋಗ, ದೌರ್ಬಲ್ಯ, ಗಾಯ ಮೊದಲಾದ ಕಾರಣಗಳಿಂದ ಅಸಮರ್ಥವಾದ ಪ್ರಾಣಿಯನ್ನು ದುಡಿಸುವುದು ಅಪರಾಧ. ಭಾರ ಎಳೆಯುವ ಮತ್ತು ಹೊರುವ ಪ್ರಾಣಿಗಳ ಬಗೆಗೆ ೧೯೬೫ರಲ್ಲಿ ಬಂದ ನಿಯಮಗಳಂತೆ ದಿನಕ್ಕೆ ಒಟ್ಟು ೯ ಗಂಟೆಗಳಿಗಿಂತ ಹೆಚ್ಚು, ವಿರಾಮವಿಲ್ಲದೆ ಒಂದೇ ಸಮನೆ ೫ ಗಂಟೆಗಳಿಗಿಂತ ಹೆಚ್ಚು ದುಡಿಸಕೂಡದು. ಬಿಸಿಲಿನ ತಾಪವು ೩೭ ಡಿಗ್ರಿ ಸೆಲ್ಸಿಯಸ್ ಮೀರುವ ಕಡೆ ಮಧ್ಯಾಹ್ನ ೧೨ರಿಂದ ೩ರವರೆಗೆ ಕಟ್ಟಕೂಡದು. ಸಾವಿರಾರು ವರ್ಷಗಳ ಹಿಂದೆ ಅತಿಚಾರವೆಂದು ಗುರುತಿಸಲ್ಪಟ್ಟದ್ದು ಈಗ ದಂಡಾರ್ಹ ಅಪರಾಧವೂ ಆಗಿದೆ.

ನಿರುಪಯೋಗಿಯೆನಿಸಿದ ಪ್ರಾಣಿಗೆ ಆಶ್ರಯ ಕೊಡುವ ಪಿಂಜರಾಪೋಲಿನ ಪರಂಪರೆ ಜೈನರಿಗೆ ಹೊಸದಲ್ಲ. ಮುಂಬಯಿಯಲ್ಲಿ ೧೮೩೪ರಲ್ಲಿ ಜೈನ ಮತ್ತು ಪಾರ್ಸಿ ವರ್ತಕರು ಕೂಡಿ ಪಾಂಜರಾಪೋಳವನ್ನು ಸ್ಥಾಪಿಸಿದರು. ಮೈಸೂರಿನ ಚಾಮುಂಡಿ ಬೆಟ್ಟದ ತಪ್ಪಲಿನಲ್ಲಿಯೂ ಅಂತಹ ಸಂಸ್ಥೆಯಿದೆ. ಆದರೆ ಆಶ್ರಯ ಕೊಟ್ಟ ಮಾತ್ರಕ್ಕೆ ಕರ್ತವ್ಯ ಮುಗಿಯುವುದಿಲ್ಲ. ದುಡಿಮೆಯಿಲ್ಲದೆ ಮೆತ್ತನೆಯ ನೆಲದಲ್ಲಿ ನಿಂತ ಪ್ರಾಣಿಯ ಗೊರಸು ಸವೆಯದೆ ಬೆಳೆದು ಸುರುಳಿಯಾಗುತ್ತದೆ. ಸಗಣಿ ಗಂಜಳಗಳ ತೇವದಲ್ಲಿ ಅಂಗಾಲು ಕೊಳೆಯುತ್ತದೆ. ಹುಲ್ಲು ನೀರುಗಳಿಗೆ ದಾನ ಕೊಡುವವರು ಬಹಳ. ಗೊರಸು ಕೆತ್ತಿಸಲು ಕೊಡುವವರು ವಿರಳ. ಗೋಶಾಲೆಗಳನ್ನು ನಡೆಸುವ ಧರ್ಮಸಂಸ್ಥೆಗಳು ಲಾಳಗಾರನ ಕೂಲಿಗೆಂದು ಪ್ರತ್ಯೇಕ ನಿಧಿಯನ್ನಿಟ್ಟು, ನಿಯತವಾಗಿ ಪ್ರತಿ ಪ್ರಾಣಿಯ ಕಾಲನ್ನೂ ನೋಡಿಸುವುದು ಔಷಧದಾನದ ಒಂದು ಅಂಗವೇ ಆಗುತ್ತದೆ.

ಪಂಚಕಲ್ಯಾಣ, ರಥೋತ್ಸವ, ವಿವಾಹಗಳ ಮೆರವಣಿಗೆಗಳಿಗೆ ಕುದುರೆ ತರಿಸುವ ಬಸದಿಯ ಸಮಿತಿಗಳೂ ಕುಟುಂಬಗಳೂ ಅದರ ಅಲಂಕಾರವನ್ನು ನೋಡುವ ಮೊದಲು ಅದನ್ನು ಹತ್ತು ಹೆಜ್ಜೆ ನಡೆಸಿ ನೋಡಬೇಕು. ನಡೆಯುವಾಗ ತಲೆ ಏರಿಳಿದರೆ, ಒಂದು ಕಾಲನ್ನು ಮುಂದಿಟ್ಟು ಭಾರ ತಪ್ಪಿಸಿ ನಿಂತರೆ, ಒಪ್ಪಿದ ಹಣವನ್ನು ಯಜಮಾನನಿಗೆ ಕೊಟ್ಟು ಕುದುರೆಯನ್ನು ಹಿಂದಕ್ಕೆ ಕಳುಹಿಸುವುದೇ ಲೇಸು. ಹಣ ಕೊಡದೆ ಕಳುಹಿಸಿದರೆ ಅದೇ ಕುದುರೆ ಅಂದು ಸಂಜೆ ಬೇರೊಂದು ಮೆರವಣಿಗೆಯಲ್ಲಿ ನಿಲ್ಲುತ್ತದೆ.

ಟ್ರ್ಯಾಕ್ಟರು, ಆಟೋಗಳು ಬಂದ ಮೇಲೆ ಜಟಕಾಗಳು ವಿರಳವಾಗಿವೆ, ಎತ್ತಿನ ಗಾಡಿಗಳು ಕಡಿಮೆಯಾಗಿವೆ. ಅವುಗಳೊಡನೆ ಲಾಳದ ಕಸುಬನ್ನು ಬಲ್ಲವರೂ ಕಡಿಮೆಯಾಗುತ್ತಿದ್ದಾರೆ. ಪ್ರಾಣಿಗಳ ಸಂಖ್ಯೆ ಕುಗ್ಗಿದರೂ ಉಳಿದಿರುವ ಪ್ರತಿಯೊಂದು ಪ್ರಾಣಿಗೂ ನಾಲ್ಕು ಕಾಲುಗಳಿವೆ. ಅವುಗಳನ್ನು ಅರಿತ ಕೈ ಇಲ್ಲದಿದ್ದರೆ ಅದರ ನೋವು ಯಾರಿಗೂ ತಿಳಿಯದೆ ಹೋಗುತ್ತದೆ. ಈ ಕಸುಬನ್ನು ಬಲ್ಲವರು ಮಂಡ್ಯ, ಮದ್ದೂರು, ಮಳವಳ್ಳಿಗಳ ಕಡೆ ಉಳಿದಿರುವಲ್ಲಿ ಅವರನ್ನು ಗೌರವದಿಂದ ಕರೆದು, ತಕ್ಕ ಕೂಲಿ ಕೊಟ್ಟು, ಪಶುವೈದ್ಯರೊಡನೆ ಸೇರಿಸಿ, ಅವರ ವಿದ್ಯೆ ಮುಂದಿನ ತಲೆಮಾರಿಗೆ ದಾಟುವಂತೆ ಮಾಡುವುದು ಸಮಾಜದ ಕೈಯಲ್ಲಿದೆ. 'ಗೋವೈದ್ಯ', 'ಅಶ್ವವೈದ್ಯ'ಗಳನ್ನು ಬರೆದ ಹಿರಿಯರ ಪರಂಪರೆಗೆ ಸೇರಿದವರಿಗೆ ಇದು ಹೊರಲಾರದ ಭಾರವೇನೂ ಅಲ್ಲ.